ಗೂಡಿನಲ್ಲಿದ್ದ ಎರಡು ಪೊಟ್ಟಣ

ಆಗ ನನಗೆ ಒಂಬತ್ತು ವರ್ಷ. ಅದಾಗಿ ಐವತ್ತೈದು ವರ್ಷವಾಯಿತು. ಆ ದಿನಗಳಲ್ಲಿ ಬೇಸಿಗೆ ಬಂತೆಂದರೆ ಕಾಚಿಗೂಡದ ನಮ್ಮ ಓಣಿಯಲ್ಲಿ ಇಂಗಿನ ವಾಸನೆ ಆರುತ್ತಲೇ ಇರಲಿಲ್ಲ. ಇವತ್ತು ಈ ಮನೆಯಲ್ಲಿ ಹಪ್ಪಳ, ನಾಳೆ ಆ ಮನೆಯಲ್ಲಿ. ಮಾಳಿಗೆಗಳ ಮೇಲೆಲ್ಲ ಹಳೆ ಸೀರೆ, ಸೀರೆಗಳ ತುಂಬ ಹಪ್ಪಳ. ನಿಮ್ಮಲ್ಲಿ ವಯಸ್ಸಾದವರಿಗೆ ಇದು ಗೊತ್ತು. ಉಳಿದವರು ಹಪ್ಪಳ ಅಂಗಡಿಯಲ್ಲೇ ಹುಟ್ಟುತ್ತದೆ ಅಂದುಕೊಂಡಿದ್ದೀರಿ.

ಇದನ್ನು ಬರೆಯಲು ಹೇಳಿದವಳು ನಮ್ಮ ಮಹಿಳಾ ಸಮಾಜದ ಈಗಿನ ಕಾರ್ಯದರ್ಶಿ. ಮಾದಾಪುರದ ಕಡೆ ಹೊಸದಾಗಿ ಎದ್ದಿರುವ ಗಾಜಿನ ಕಟ್ಟಡದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಹುಡುಗಿ. ಈ ಬೇಸಿಗೆಯಲ್ಲಿ ಮೂರು ಸಲ ಸಭೆ ಕರೆದಳು, ಮೂರು ಸಲವೂ ಅವಳೇ ಬರಲಿಲ್ಲ. ಆಮೇಲೆ ಫೋನು ಮಾಡಿ, "ಅಜ್ಜಿ, ನಿಮ್ಮ ಕಾಲದಾಗ ಕೆಲಸಾನೂ ಮಾಡಿ ಸಮಾಜಾನೂ ಹೆಂಗ ನಡಸ್ತಿದ್ರಿ? ಸಣ್ಣಂದಿನ ನೆನಪು ಏನರ ಬರದ ಕೊಡ್ರಿ, ಪುಸ್ತಕದಾಗ ಹಾಕೋಣು" ಅಂದಳು. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ತಪ್ಪಿದ್ದರೆ ತಿದ್ದಿಕೊಳ್ಳಲಿ. ಚಂದ ಮಾಡಲು ಮಾತ್ರ ಹೋಗಬಾರದು.

ನಮ್ಮದು ಖಾನಾವಳಿ. ಮುಂದಿನ ಪಡಸಾಲೆಯಲ್ಲಿ ಊಟದ ಮಂದಿ, ಹಿಂದಿನ ಪಡಸಾಲೆಯಲ್ಲಿ ನಾವು. ರೈಲ್ವೆಯಲ್ಲಿ, ಗಿರಣಿಯಲ್ಲಿ ದುಡಿಯುವ ರಾಯಚೂರು, ಕಲಬುರ್ಗಿ ಕಡೆಯ ಗಂಡಸರು ಎರಡು ಹೊತ್ತೂ ಉಣ್ಣಲು ಬರುತ್ತಿದ್ದರು. ಅಪ್ಪ ಬಡಿಸುತ್ತಿದ್ದ. ಅವ್ವ ಬೆಳಗಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯಲು ಕೂತರೆ ಅವಳ ಬೆನ್ನು ನೆಟ್ಟಗಾಗುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ.

ತೆಲುಗಿನವರ ಈ ಊರಿನಲ್ಲಿ ನಮ್ಮ ಓಣಿಯ ಕನ್ನಡದ ಹೆಂಗಸರು ಸೇರಿ ಒಂದು ಸಮಾಜ ಮಾಡಿಕೊಂಡಿದ್ದರು. ಅದಕ್ಕೆ ಬೋರ್ಡು ಇರಲಿಲ್ಲ. ಇದ್ದ ಕಟ್ಟಳೆ ಒಂದೇ, ಮುಯ್ಯಿ. ನಿನ್ನ ಮನೆಯ ಹಪ್ಪಳಕ್ಕೆ, ಶಾವಿಗೆಗೆ ಎಲ್ಲರೂ ಬಂದು ಕೈ ಹಾಕುತ್ತಾರೆ. ಅವರ ಮನೆಗೆ ನೀನೂ ಹೋಗಬೇಕು. ಹೋಗದಿದ್ದರೆ ನಿನ್ನ ಮನೆಗೆ ಯಾರೂ ಬರುವುದಿಲ್ಲ. ಜಗಳವಿಲ್ಲ, ಬರುವುದಿಲ್ಲ, ಅಷ್ಟೇ. ಅವ್ವ ಎರಡು ಬೇಸಿಗೆ ಎಲ್ಲಿಗೂ ಹೋಗಿರಲಿಲ್ಲ. ಎದುರು ಮನೆಯ ಸುಂದ್ರವ್ವನಿಗೆ ನಾಲಿಗೆ ಚೂಪು. ನಲ್ಲಿಯ ಹತ್ತಿರ ನಾಲ್ಕು ಮಂದಿ ಕೇಳುವ ಹಾಗೆ, "ಖಾನಾವಳಿ ಅಕ್ಕಾರಿಗೆ ನಮ್ಮ ಮನಿ ದಾರಿ ಮರತೈತಿ" ಅಂದಳು. ಅವ್ವ ಕೊಡ ತುಂಬದೆ ಮನೆಗೆ ಬಂದಳು.

ಮೂರನೇ ಬೇಸಿಗೆ ಅವ್ವ ಹಟ ಹಿಡಿದಳು. ನಾಲ್ಕಕ್ಕೆ ಏಳುವವಳು ಮೂರಕ್ಕೆ ಏಳತೊಡಗಿದಳು. ರೊಟ್ಟಿ ಬಡಿದಿಟ್ಟು, ಪಲ್ಯ ಮಾಡಿಟ್ಟು, ಹನ್ನೊಂದು ಮನೆಗೂ ಲಟ್ಟಣಿಗೆ ಹಿಡಿದುಕೊಂಡು ಹೋಗಿ ಬಂದಳು. ಅಪ್ಪ ಬೇಡ ಅನ್ನಲಿಲ್ಲ. ಒಂದೇ ಮಾತು ಹೇಳಿದ. "ಹೋಗು. ಆದ್ರ ನಿನ್ನ ಸಮಾಜದಿಂದ ಖಾನಾವಳಿ ಕೆಲಸ ಒಂದಿನ ಕೆಟ್ಟರೂ ಅಲ್ಲಿಗೇ ಮುಗೀತು." ಅಪ್ಪ ಆಡಿದ ಮಾತು ತಿರುಗಿಸುವವನಲ್ಲ.

ಕೊನೆಗೆ ನಮ್ಮ ಮನೆಯ ಪಾಳಿ ಬಂತು.

ಆ ದಿನ ನಸುಕಿನಲ್ಲಿ ಅವ್ವನ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಹಪ್ಪಳಖಾರ ಅಂತ ಒಂದು ಬಿಳಿ ಪುಡಿ ಇರುತ್ತದೆ. ಅದನ್ನು ಉಪ್ಪಿನ ಜೊತೆ ನೀರಿನಲ್ಲಿ ಕುದಿಸಿ, ಆರಿಸಿ, ಆ ನೀರಿನಲ್ಲಿ ಉದ್ದಿನ ಹಿಟ್ಟು ಕಲಸಬೇಕು. ಗೋಡೆಯ ಗೂಡಿನಲ್ಲಿ ಪೊಟ್ಟಣ ಇದೆ, ತೆಗೆದು ಕುದಿಸು ಅಂತ ಅವ್ವ ನನಗೆ ಹೇಳಿದಳು. ಕೈ ಹಾಕಿದೆ, ಕಾಗದದ ಪೊಟ್ಟಣ ಸಿಕ್ಕಿತು, ನೀರಿಗೆ ಸುರಿದೆ, ಕಾಗದ ಒಲೆಗೆ ಹಾಕಿದೆ. ದೊಡ್ಡ ಕೆಲಸ ಮಾಡಿದೆ ಅಂತ ಹೆಮ್ಮೆಯಾಯಿತು.

ಎಂಟಕ್ಕೆಲ್ಲ ಹೆಂಗಸರು ಬಂದರು. ಎಲ್ಲರಿಗಿಂತ ಹಿರಿಯಳಾದ ಗೌರಕ್ಕ ಸೆರಗು ಕಟ್ಟಿ, ಹಿಟ್ಟಿಗೆ ಎಣ್ಣೆ ಹಚ್ಚಿ ಒರಳಿನಲ್ಲಿ ಕುಟ್ಟಿದಳು. ಕುಟ್ಟಿದ ಹಿಟ್ಟನ್ನು ಹಗ್ಗದ ಹಾಗೆ ಎಳೆದು, ದಾರದಿಂದ ಕೊಯ್ದು ಉಂಡೆ ಮಾಡುತ್ತಾರೆ. ಆ ಹಸಿ ಉಂಡೆಯನ್ನು ಎಣ್ಣೆಯಲ್ಲಿ ಅದ್ದಿ ತಿಂದವರಿಗೇ ಅದರ ರುಚಿ ಗೊತ್ತು. ಮೆಣಸು ಗಂಟಲಿಗೆ ಹತ್ತುತ್ತದೆ, ಹಿಟ್ಟು ಹಲ್ಲಿಗೆ ಅಂಟುತ್ತದೆ. ಮಕ್ಕಳಿಗೆ ಒಂದೊಂದು ಕೊಡುವುದು ವಾಡಿಕೆ. ಹೆಂಗಸರು ಕೇಳದೆ ಎರಡೆರಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನನ್ನ ತಂಗಿ ಕಮಲಿಗೆ ಮೂರು ವರ್ಷ. ಅವಳು ಮೂರು ತಿಂದಳು.

ಸುಂದ್ರವ್ವ ಒಂದು ಉಂಡೆ ಹಿಚುಕಿ ನೋಡಿ, "ಹದ ಅಂದ್ರ ಇದು ನೋಡ್ರೆವ್ವಾ. ರೊಟ್ಟಿ ಬಡಿಯೋ ಕೈ ಸುಳ್ಳಲ್ಲ" ಅಂದಳು. ಅವ್ವ ತಲೆ ತಗ್ಗಿಸಿಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಹತ್ತು ಗಂಟೆ ಆಗಿರಬೇಕು. ಹಿಟ್ಟು ಕೊಯ್ಯುವ ದಾರ ಹರಿಯಿತು. ಗೂಡಿನಲ್ಲಿ ಇನ್ನೊಂದು ಇದೆ, ತಾ ಅಂದರು. ದಾರಕ್ಕೆ ಕೈ ಹಾಕಿದರೆ ಡಬ್ಬಿಯ ಹಿಂದೆ ಇನ್ನೊಂದು ಪೊಟ್ಟಣ. ಅದೇ ಕಾಗದ, ಅದೇ ಕಟ್ಟು. ಬಿಚ್ಚಿದೆ. ಅದೇ ಬಿಳಿ ಪುಡಿ.

ಜೋಳದ ಚೀಲಗಳಿಗೆ ಇಲಿ ಬಿದ್ದಿವೆ ಅಂತ ಅವ್ವ ಹಿಂದಿನ ದಿನ ಹಪ್ಪಳಖಾರ ಕೊಂಡ ಅಂಗಡಿಯಿಂದಲೇ ಪಾಷಾಣವನ್ನೂ ತಂದದ್ದು ನನಗೆ ಗೊತ್ತಿತ್ತು. ಅದನ್ನು ಯಾವಾಗಲೂ ಅಟ್ಟದ ಮೇಲೆ ಇಡುತ್ತಿದ್ದಳು. ಹಿಂದಿನ ವರ್ಷ ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕೊಂದು ಅಂಗಳದಲ್ಲಿ ಕಾಲು ಬಡಿದುಕೊಂಡು ಸತ್ತದ್ದನ್ನು ನೋಡಿದ್ದೆ. ನಸುಕಿನಲ್ಲಿ ನಾನು ನೀರಿಗೆ ಹಾಕಿದ್ದು ಯಾವುದು? ಕೈಯಲ್ಲಿರುವುದು ಯಾವುದು?

ಆಗ ನಾನು ಮಾಡಿದ ಕೆಲಸ ಹೇಳುತ್ತೇನೆ. ಪೊಟ್ಟಣವನ್ನು ಬಚ್ಚಲಿಗೆ ಒಯ್ದು ಮೋರಿಗೆ ಸುರಿದು, ಮೇಲೆ ಎರಡು ಕೊಡ ನೀರು ಹಾಕಿದೆ. ಪೊಟ್ಟಣ ಕಾಣದಿದ್ದರೆ ಏನೂ ಆಗಿಲ್ಲ ಅಂತ ಅನ್ನಿಸಿತು. ನೋಡಿ ಹೇಳಬಲ್ಲವರಿಗೆ ತೋರಿಸಲು ಇದ್ದದ್ದು ಅದೊಂದೇ. ಅದನ್ನೂ ಕಳೆದೆ.

ದಾರ ಕೊಟ್ಟು ಬಾಗಿಲ ಬಳಿ ಕೂತೆ. ಒಬ್ಬೊಬ್ಬರ ಮುಖ ನೋಡತೊಡಗಿದೆ. ಗೌರಕ್ಕ ಕೆಮ್ಮಿದಳು. ಸುಂದ್ರವ್ವ ಹಣೆಯ ಬೆವರು ಒರೆಸಿಕೊಂಡಳು. ಬಿಸಿಲಿಗೋ, ಪಾಷಾಣಕ್ಕೋ? ಅವರು ಹಾಡುತ್ತಿದ್ದರು, ಲಟ್ಟಿಸುತ್ತಿದ್ದರು, ಮತ್ತೊಂದು ಉಂಡೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹೇಳಿದರೆ ಅವ್ವನ ಸಮಾಜ ಹೋಗುತ್ತದೆ. ಹೇಳದಿದ್ದರೆ ಜನ ಹೋಗುತ್ತಾರೆ. ನಾನು ಸುಮ್ಮನಿದ್ದೆ. ಎರಡು ತಾಸು ಸುಮ್ಮನಿದ್ದೆ. ಸಣ್ಣವಳಿದ್ದೆ ಅಂತ ಈಗ ನೆಪ ಹೇಳುವುದಿಲ್ಲ. ಇಲಿ ಪಾಷಾಣ ಅಂದರೇನು ಅಂತ ಒಂಬತ್ತು ವರ್ಷಕ್ಕೆ ಗೊತ್ತಿರುತ್ತದೆ.

ಕಮಲಿ ಆಡುತ್ತ ಆಡುತ್ತ ಚಾಪೆಯ ಮೇಲೆ ಮಲಗಿಬಿಟ್ಟಳು. ಕರೆದೆ, ಏಳಲಿಲ್ಲ. ಕೈ ಎಳೆದೆ, ಎತ್ತಿದ ಕೈ ಹಾಗೇ ಕೆಳಗೆ ಬಿತ್ತು. ಬಾಯಿಯ ತುದಿಯಲ್ಲಿ ಜೊಲ್ಲು ಇತ್ತು. ಆಗ ನನ್ನ ಬಾಯಿಂದ ಬಂತು.

"ಅವ್ವಾ, ಹಪ್ಪಳದಾಗ ಪಾಷಾಣ ಬಿದ್ದೈತಿ."

ಹನ್ನೆರಡು ಲಟ್ಟಣಿಗೆ ಒಟ್ಟಿಗೆ ನಿಂತವು. ಗೌರಕ್ಕ ಎದ್ದು ಬಂದು ಕಮಲಿಯ ಕೆನ್ನೆಗೆ ಒಂದು ಕೊಟ್ಟಳು. ಕಮಲಿ ಎದ್ದು ಅತ್ತಳು. ಸತ್ತಿರಲಿಲ್ಲ, ಸೆಕೆಗೆ ನಿದ್ದೆ ಹತ್ತಿತ್ತು. ಆಮೇಲೆ ನನ್ನನ್ನು ಕೂರಿಸಿ ಎಲ್ಲ ಬಿಡಿಸಿ ಕೇಳಿದರು. ಎರಡನೇ ಪೊಟ್ಟಣ ಎಲ್ಲಿ ಅಂದರು. ಮೋರಿ ತೋರಿಸಿದೆ.

ಅವ್ವ ಗೋಡೆಗೆ ಒರಗಿ ನಿಂತಿದ್ದಳು. "ಹುಡುಗೀದ ತಪ್ಪಲ್ಲ. ಎರಡೂ ನಾನ ಗೂಡಿನ್ಯಾಗ ಇಟ್ಟೆ. ಅಟ್ಟ ಹತ್ತಾಕ ಹೊತ್ತಿರಲಿಲ್ಲ" ಅಂದಳು.

ಗೌರಕ್ಕ ಕೊಡದ ನೀರಿನಲ್ಲಿ ಉಪ್ಪು ಕಲಸಿ ಎಲ್ಲರಿಗೂ ತಂಬಿಗೆ ತಂಬಿಗೆ ಕುಡಿಸಿದಳು. ಬಚ್ಚಲಲ್ಲಿ ಒಬ್ಬರ ಹಿಂದೆ ಒಬ್ಬರು ಬಾಗಿ ಕಕ್ಕಿದರು. ಮಕ್ಕಳ ಗಂಟಲಿಗೆ ಅವಳೇ ಬೆರಳು ಹಾಕಿದಳು. ಯಾರೋ ದವಾಖಾನೆಗೆ ಹೋಗೋಣ ಅಂದರು. ಹೋದರೆ ಗಂಡಸರಿಗೆ ಗೊತ್ತಾಗುತ್ತದೆ, ಗೊತ್ತಾದರೆ ಇನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ ಅಂತ ಇನ್ನೊಬ್ಬರು ಅಂದರು. ಯಾರೂ ಹೋಗಲಿಲ್ಲ.

ಅಷ್ಟರಲ್ಲಿ ಊಟದ ಹೊತ್ತು. ಅವ್ವ ಮುಖ ತೊಳೆದು ಒಲೆಯ ಮುಂದೆ ಕೂತಳು. ಒಂದು ರೊಟ್ಟಿಯೂ ಸೀಯಲಿಲ್ಲ. ಅಪ್ಪ ಸಾರು ಒಯ್ಯಲು ಬಂದವನು ಒಳಗೆ ಇಣುಕಿ, "ಏನ್ರವ್ವಾ, ಇವತ್ತ ಹಾಡಿಲ್ಲ ಏನಿಲ್ಲ?" ಅಂದ.

"ನಿಮ್ಮ ಊಟದ ಮಂದಿ ಗದ್ದಲದಾಗ ನಮ್ಮ ಹಾಡ ಯಾರು ಕೇಳತಾರ್ರಿ ಅಣ್ಣಾರ" ಅಂದಳು ಗೌರಕ್ಕ. "ಸಾರು ಆರತೈತಿ, ಬಡಸ ಹೋಗ್ರಿ."

ಅಪ್ಪ ನಕ್ಕು ಹೋದ.

ಸುಂದ್ರವ್ವ ಚಪ್ಪಲಿ ಮೆಟ್ಟಿ ಹೊರಟು ನಿಂತಿದ್ದಳು. ಅವಳು ಹೊರಗೆ ಹೋದರೆ ಓಣಿಗೆಲ್ಲ ಸುದ್ದಿ ಅಂತ ಎಲ್ಲರಿಗೂ ಗೊತ್ತಿತ್ತು. ಅವಳು ಬಾಗಿಲ ತನಕ ಹೋಗಿ, ನಿಂತು, ಚಪ್ಪಲಿ ಬಿಟ್ಟು ತಿರುಗಿ ಬಂದಳು. "ಮನಿಗೆ ಹೋದ್ರ ಒಬ್ಬಾಕಿನ ಕುಂತು ಅಂಜಬೇಕು. ಇಲ್ಲೇ ಇರತೀನಿ" ಅಂದಳು.

ಹೀಗೆ ಹನ್ನೆರಡೂ ಮಂದಿ ದೀಪ ಹಚ್ಚುವವರೆಗೆ ಆ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರು. ಆಗಾಗ ಒಬ್ಬಳು ಇನ್ನೊಬ್ಬಳ ಕೈ ಮುಟ್ಟಿ ನೋಡುತ್ತಿದ್ದಳು, ತಣ್ಣಗಾಗಿದೆಯೋ ಏನೋ ಅಂತ. ಮಕ್ಕಳನ್ನು ಮಲಗಲು ಬಿಡಲಿಲ್ಲ. ಕಮಲಿಯನ್ನು ಒಂದು ಮಡಿಲಿಂದ ಇನ್ನೊಂದು ಮಡಿಲಿಗೆ ದಾಟಿಸುತ್ತಿದ್ದರು. ನನ್ನನ್ನು ಯಾರೂ ಬಯ್ಯಲಿಲ್ಲ, ಹತ್ತಿರಕ್ಕೂ ಕರೆಯಲಿಲ್ಲ.

ದೀಪ ಹಚ್ಚಿದರು. ಯಾರೂ ಬಿದ್ದಿರಲಿಲ್ಲ. ಆದರೆ ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ, ತಿಂದದ್ದೆಲ್ಲ ಹೊರಗೆ ಬಂದಿತ್ತಲ್ಲ. ಮಾಳಿಗೆಯ ಮೇಲೆ ಬೆಳಿಗ್ಗೆ ಲಟ್ಟಿಸಿದ ಹಪ್ಪಳ ಒಣಗುತ್ತಿದ್ದವು. ಅರ್ಧ ಹಿಟ್ಟು ಎಣ್ಣೆ ಬಟ್ಟೆಯ ಕೆಳಗೆ ಹಾಗೇ ಇತ್ತು. ಗೌರಕ್ಕ ಹೊರಡುವ ಮುಂಚೆ ಅವ್ವನಿಗೆ ಹೇಳಿದಳು. "ಹಪ್ಪಳಖಾರ ಬಿದ್ದಿದ್ರ ಸುಟ್ಟಾಗ ಅರಳತೈತಿ. ಪಾಷಾಣಕ್ಕ ಆ ಗುಣ ಇಲ್ಲ. ಹಸೀದು ಅರಳಂಗಿಲ್ಲ, ರಾತ್ರಿ ಆರಲಿ. ಮುಂಜಾನೆ ಒಂದ ಸುಟ್ಟ ನೋಡು."

"ನೋಡೂದು ಬ್ಯಾಡಕ್ಕಾ" ಅಂದಳು ಅವ್ವ. "ಮುಂಜಾನೆ ತಗ್ಗು ತೋಡಿ ಎಲ್ಲಾ ಹೂಳತೀನಿ. ನಾ ಇನ್ನ ಸಮಾಜಕ್ಕ ಬರಂಗಿಲ್ಲ. ಎರಡೂ ಮಾಡತೀನಂತ ಹೋಗಿ ಇಷ್ಟು ಜೀವ ತಗೀತಿದ್ದೆ."

ಗೌರಕ್ಕ ತನ್ನ ಲಟ್ಟಣಿಗೆ ಎತ್ತಿಕೊಂಡು ಹೊರಟಳು. ಅವ್ವ ನನಗೆ ಹೊಡೆಯಲೂ ಇಲ್ಲ. ಹೊಡೆದಿದ್ದರೆ ನನ್ನ ಹೆದರಿಕೆ ಅರ್ಧ ಇಳಿಯುತ್ತಿತ್ತು.

ಕಾರ್ಯದರ್ಶಿ ಹುಡುಗಿ ಕೇಳಿದ್ದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ಕೆಲಸ ಮತ್ತು ಸಮಾಜ ಎರಡನ್ನೂ ಯಾರೂ ಸರಿಯಾಗಿ ನಡೆಸುತ್ತಿರಲಿಲ್ಲ. ನಿದ್ದೆ ಬಿಟ್ಟು, ಹೆದರಿಕೊಂಡು, ತಪ್ಪು ಮಾಡಿಕೊಂಡು ಮಾಡುತ್ತಿದ್ದರು. ಆ ಕಾಲ ಚಂದವಿತ್ತು ಅಂತ ನಾನು ಹೇಳುವುದಿಲ್ಲ. ಗಂಡಂದಿರಿಗೆ ಹೆದರಿ ದವಾಖಾನೆಗೆ ಹೋಗದೆ ಕೂತದ್ದು ಹುಚ್ಚುತನ. ಈಗ ಹಾಗಾದರೆ ಒಬ್ಬೊಬ್ಬರು ಒಂದೊಂದು ಕಾರಿನಲ್ಲಿ ಒಂದೊಂದು ಆಸ್ಪತ್ರೆಗೆ ಹೋಗುತ್ತೀರಿ. ಹೋಗಬೇಕು. ಈಗ ಸಮಾಜಕ್ಕೆ ಬೋರ್ಡಿದೆ, ದಿಲ್‌ಸುಖ್‌ನಗರದಲ್ಲಿ ಬಾಡಿಗೆಯ ಹಾಲ್ ಇದೆ. ಹೋದ ವರ್ಷ ನನಗೆ ಎದೆನೋವು ಬಂದಾಗ ಎಷ್ಟೋ ಮಂದಿಯ ಮೆಸೇಜು ಬಂದವು, ಸೊಸೆ ಓದಿ ಹೇಳಿದಳು. ಬಂದು ಪಕ್ಕದಲ್ಲಿ ಕೂತವರಿಲ್ಲ. ತಪ್ಪು ಅನ್ನುತ್ತಿಲ್ಲ, ನಿಮಗೆ ಹೊತ್ತಿಲ್ಲ. ಆದರೆ ಹೋದದ್ದು ಏನು ಅಂತ ಕೇಳಿದರೆ ಅದು. ಜೊತೆಗೆ ಕೂತು ಹೆದರುವ ಮಂದಿ ಹೋದರು.

ಇನ್ನು ಮರುದಿನದ ಮಾತು. ಬೆಳಕು ಹರಿಯುವ ಹೊತ್ತಿಗೆ ಅವ್ವ ನಲ್ಲಿಗೆ ನೀರಿಗೆ ಹೋದಳು. ಗುದ್ದಲಿ ಆಗಲೇ ತೆಗೆದು ಅಂಗಳದಲ್ಲಿ ಇಟ್ಟಿದ್ದಳು. ನಾನು ಮಾಳಿಗೆ ಹತ್ತಿ ಅಂಚಿನ ಒಂದು ಹಪ್ಪಳ ತಂದು ಒಲೆಯ ಕೆಂಡದ ಮೇಲೆ ಇಟ್ಟೆ. ಮೊದಲು ಸುಮ್ಮನೆ ಬಿದ್ದಿತ್ತು. ಬಗ್ಗಿ ಕೆಂಡ ಊದಿದೆ. ಆಮೇಲೆ ಒಂದು ಗುಳ್ಳೆ ಎದ್ದಿತು, ಅದರ ಪಕ್ಕ ಇನ್ನೊಂದು, ನೋಡುತ್ತಿದ್ದ ಹಾಗೆ ಇಡೀ ಹಪ್ಪಳ ಅರಳಿತು. ಅದನ್ನು ಎತ್ತಿಕೊಂಡು, ಬೆರಳು ಸುಡುತ್ತಿದ್ದರೂ ಬಿಡದೆ, ತಲೆ ಬಾಚದೆ ಓಡಿದೆ. ಮೊದಲು ಗೌರಕ್ಕನ ಮನೆ, ಆಮೇಲೆ ಸುಂದ್ರವ್ವನ ಮನೆ. ಹನ್ನೊಂದು ಬಾಗಿಲೂ ಬಡಿದೆ. ಹಪ್ಪಳ ತೋರಿಸಿ, ಅರ್ಧ ಹಿಟ್ಟು ಹಾಗೇ ಉಳಿದಿದೆ, ಲಟ್ಟಣಿಗೆ ತಗೊಂಡು ಬರಬೇಕಂತೆ, ಅವ್ವ ಕರೆದಿದ್ದಾಳೆ ಅಂದೆ.

ಅವ್ವ ಕರೆದಿರಲಿಲ್ಲ.