ಎಲ್ಲಿ ಕೈಕೊಟ್ಟಿತು ಎಂದು ಕೇಳಿದ ಸಂಪಾದಕಿ

ಮ್ವಾಂಜಾ ನಗರದ ಸರೋವರದ ದಡದಲ್ಲಿ ಗುರುವಾರ ಬೆಳಗಾಯಿತೆಂದರೆ ನೀರಾನೆಗಳು ಕೂಡ ಸಾಲುಗಟ್ಟಿ ನಿಂತು ‘ಮಾವಿಂಬಿ’ ವಾರಪತ್ರಿಕೆಗಾಗಿ ಕಾಯುತ್ತಿದ್ದವು. ನನ್ನ ಬರಹವಿಲ್ಲದ ಸಂಚಿಕೆಯಾದರೆ ಮುನಿಸಿಕೊಂಡು ನೀರಿಗೆ ಮರಳುತ್ತಿದ್ದವು. ಈ ಅಭಿನಂದನ ಗ್ರಂಥದ ಓದುಗರು ಇದನ್ನು ನಂಬಲೇಬೇಕು. ಅಂತಹ ಪತ್ರಿಕೆಯನ್ನು ಮೂರು ದಶಕಗಳ ಕಾಲ ಮುನ್ನಡೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ಮಾನ್ಯ ನ್ಯಾಂಜೋಬೆ ಮಲಿಮಿಯವರು ನಮ್ಮ ಸರೋವರ ಸೀಮೆಯ ಪತ್ರಿಕಾವೃತ್ತಿಗೆ ಏನಾಗಿದ್ದರು ಎಂಬುದನ್ನು ಬರೆಯಲು ನನಗಿಂತ ಯೋಗ್ಯನಾದವನು ಈ ಖಂಡದಲ್ಲೇ ಇಲ್ಲ.

ರಚನಾತ್ಮಕ ಪತ್ರಿಕೋದ್ಯಮ ಎಂಬ ಗಂಭೀರ ಪದ ವಿಚಾರಸಂಕಿರಣಗಳ ವೇದಿಕೆ ಏರುವುದಕ್ಕೆ ಎಷ್ಟೋ ಮೊದಲೇ ಅವರು ಅದನ್ನು ಎರಡು ಪ್ರಶ್ನೆಗಳನ್ನಾಗಿ ಮಾಡಿ ನಮ್ಮ ಕೊರಳಿಗೆ ಕಟ್ಟಿದ್ದರು. ಕೇಡಿನ ಸುದ್ದಿ ಹೊತ್ತು ಓಡಿಬಂದವನಿಗೆ, “ಇದನ್ನ ತಡೆದವರು ಎಲ್ಲಾದ್ರೂ ಇದ್ದಾರಾ?” ಎಂಬುದು ಮೊದಲನೆಯದು. ಹಾಗೆ ತಡೆದವರನ್ನು ಹುಡುಕಿ ತಂದು ಎದೆಯುಬ್ಬಿಸಿ ನಿಂತವನಿಗೆ, “ಸರಿ, ಅದು ಎಲ್ಲಿ ಕೈಕೊಟ್ಟಿತು?” ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ತರುವವರು ಬಹಳ ಜನ ಇದ್ದೆವು. ಎರಡನೆಯದು ಬಂದಾಗ ಕಚೇರಿಯ ಹಿಂಬಾಗಿಲು ಹುಡುಕದವರು ಕಡಿಮೆ.

ನಾನು ಸೇರಿದ ಹೊಸದರಲ್ಲಿ ಕಚೇರಿ ಎಂದರೆ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ. ಮುದ್ರಣದ ದಿನ ಅವರು ಮನೆಯಲ್ಲೇ ಕರಿದ ಅಕ್ಕಿಯ ಸಿಹಿ ಕಡುಬುಗಳನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಆ ಪರಿಮಳಕ್ಕೆ ಕೆಳಗಿನ ಸೈಕಲ್‌ಗಳು ತಾವಾಗಿಯೇ ಮೆಟ್ಟಿಲು ಹತ್ತುತ್ತಿದ್ದವು. ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ಆಸ್ಪತ್ರೆ ಸೇರಿದಾಗ, ನಾನು ಅರ್ಧಕ್ಕೆ ಬಿಟ್ಟೋಡಿದ ಮಾರುಕಟ್ಟೆ ವರದಿಯನ್ನು ಅವರೇ ಕುಳಿತು ಮುಗಿಸಿದರು, ಮರುದಿನ ಮಗುವಿಗೆ ಸ್ವತಃ ಹೆಣೆದ ಟೊಪ್ಪಿಗೆ ತಂದರು. ಒಮ್ಮೆ ನಾನು ಶಾಲೆಯೊಂದರ ಬಗ್ಗೆ ತಪ್ಪು ಬರೆದಿದ್ದೆ. ತಿದ್ದುಪಡಿಯನ್ನು ಅದೇ ಪುಟದಲ್ಲಿ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಹಾಕಿದರು; ಕೆಳಗೆ ಕ್ಷಮೆ ಕೇಳಿದ ಸಹಿ ಮಾತ್ರ ಅವರದಾಗಿತ್ತು.

ಇನ್ನು ದೋಣಿಗಳ ಆ ದುರ್ದಿನಗಳಿಗೆ ಬರುತ್ತೇನೆ. ಆ ವರ್ಷ ಗಾಳಿ ಹುಚ್ಚು ಹಿಡಿದಂತೆ ಬೀಸಿತು. ದಗಾ ಎಂಬ ಬೆರಳುದ್ದದ ಮೀನು ಹಿಡಿಯಲು ರಾತ್ರಿ ದೀಪ ಕಟ್ಟಿಕೊಂಡು ಹೋದ ದೋಣಿಗಳು ಮಗುಚುತ್ತಿದ್ದವು, ಮತ್ತು ಉಳಿದ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಹೆಣಗಳ ಚಿತ್ರ ಹಾಕಿ ಬಿಸಿ ದೋಸೆಯಂತೆ ಮಾರಾಟವಾಗುತ್ತಿದ್ದವು. ನನ್ನ ಅಪ್ಪ ಲುಹೆಂಡೆಯೂ ದಗಾ ಮೀನುಗಾರನೇ. ಆತ ಹೊರಟ ಪ್ರತಿ ಸಲವೂ ಅವ್ವ ಬೆಳಗಿನವರೆಗೆ ಬಾಗಿಲಿಗೆ ಅಗುಳಿ ಹಾಕುತ್ತಿರಲಿಲ್ಲ.

“ಜನ ಮುಳುಗದಿರೋ ದಂಡೆ ಯಾವುದಾದ್ರೂ ಇದೆಯಾ ನೋಡ್ಕೊಂಡು ಬಾ ಮಗನೇ,” ಎಂದು ನ್ಯಾಂಜೋಬೆಯವರು ನನ್ನನ್ನು ಕಳಿಸಿದರು. ಹುಡುಕುತ್ತಾ ನಾನು ಬುಸೆಂಗೆ ದಂಡೆಗೆ ಹೋದೆ. ಅಲ್ಲಿ ಮೀನು ಕೊಂಡು ಒಣಗಿಸುವ ಹೆಂಗಸರು ಸೇರಿ ಒಂದು ಕಟ್ಟು ಮಾಡಿಕೊಂಡಿದ್ದರು: ಖಾಲಿ ಎಣ್ಣೆ ಕ್ಯಾನುಗಳನ್ನು ತೇಲುಬುರುಡೆಯಾಗಿ ಕಟ್ಟಿಕೊಳ್ಳದೆ ನೀರಿಗಿಳಿದ ದೋಣಿಯ ಮೀನನ್ನು ಯಾರೂ ಕೊಳ್ಳತಕ್ಕದ್ದಲ್ಲ. ಗಂಡಸರು ಗೊಣಗಿದರು, ಆದರೆ ಕಟ್ಟಿಕೊಂಡರು. ನಾನು ಹಾರಿಕೊಂಡು ಬಂದು ಬರೆದುಕೊಟ್ಟೆ: ಬುಸೆಂಗೆಯಲ್ಲಿ ಇನ್ನು ಯಾರೂ ಮುಳುಗುವುದಿಲ್ಲ.

“ಯಾರೂ ಅಂದ್ರೆ?” ಎಂದರು.

“ಯಾರೂ ಅಂದ್ರೆ ಯಾರೂ ಇಲ್ಲ ಅಮ್ಮಾ. ನೀರಿಗೇ ಬೇಜಾರು ಬಂದ್ಬಿಟ್ಟಿದೆ.”

ಅವರು ನಗಲಿಲ್ಲ. “ನಾಳೆ ದಡದಲ್ಲಿ ಯಾರೋ ಇದನ್ನ ಓದಿ ಹೇಳ್ತಾರೆ. ನಿಮ್ಮಪ್ಪ ಕೇಳ್ತಾನೆ. ಕೈಗೆ ಸಿಕ್ಕಿದ ಯಾವುದೋ ಒಂದು ಕ್ಯಾನು ಕಟ್ಕೊಂಡು ಗಾಳಿಗೇ ದೋಣಿ ಬಿಡ್ತಾನೆ. ಆಮೇಲೆ? ಹೋಗು, ಎಲ್ಲಿ ಕೈಕೊಟ್ಟಿತು ಅಂತ ಕೇಳ್ಕೊಂಡು ಬಾ.”

ಆಗ ನಾನು ಏನು ಮಾಡಿದೆನೆಂದರೆ, ಮನೆಯೆತ್ತರದ ಅಲೆಗಳನ್ನು ಒಂದೇ ಕೈಯಲ್ಲಿ ಬದಿಗೆ ಸರಿಸುತ್ತಾ ಮತ್ತೆ ಬುಸೆಂಗೆಗೆ ಹೋದೆ. ಹೆಂಗಸರ ಮುಂದಾಳು ಎಂಬುಕೆ ಎಂಬಾಕೆ ಒಣಹಾಕಿದ ಮೀನು ಮಗುಚುತ್ತಲೇ ಇದ್ದಳು. “ಒಳ್ಳೇದನ್ನ ಬರ್ಕೊಂಡು ಹೋದ್ರಲ್ಲ, ಸಾಲ್ದಾ?” ಎಂದಳು. ಅನಂತರ ಮೀನು ಮಗುಚುವ ಕೈಯನ್ನು ನಿಲ್ಲಿಸಿ ಹೇಳಿದಳು: “ನನ್ನ ಮೈದುನನೂ ಕ್ಯಾನು ಕಟ್ಕೊಂಡೇ ಹೋಗಿದ್ದ. ಬಿಸಿಲಲ್ಲಿ ಬಿದ್ದು ಸೀಳಿದ್ದ ಕ್ಯಾನು ಅದು. ಒಳಗೆ ನೀರು ತುಂಬ್ಕೊಂಡು ಅವನನ್ನೇ ಎಳೀತು. ಆವತ್ತಿಂದ ಪ್ರತಿ ಕ್ಯಾನನ್ನೂ ನೀರೊಳಗೆ ಅದುಮಿ ಹಿಡಿದು, ಗುಳ್ಳೆ ಬಂದ್ರೆ ಬಿಸಾಕ್ತೀವಿ. ಇದನ್ನೂ ಬರೀತೀರಾ? ಬರೆದ್ರೆ ಅವನ ಹೆಸರೂ ಬರೀರಿ.”

ಅವನ ಹೆಸರು ಶಿಗೆಲಾ. ಆ ಹೆಸರು, ಸೀಳಿದ ಕ್ಯಾನು, ಗುಳ್ಳೆಯ ಪರೀಕ್ಷೆ ಎಲ್ಲವೂ ಮುಖಪುಟದಲ್ಲಿ ಬಂದವು. ವರದಿಯನ್ನು ದಂಡೆದಂಡೆಗಳಲ್ಲಿ ಗಟ್ಟಿಯಾಗಿ ಓದಿದರು. ಮುಂದಿನ ತಿಂಗಳು ನನ್ನ ಅಪ್ಪನ ದೋಣಿ ಮಗುಚಿತು. ಬೆಳಕು ಹರಿಯುವಾಗ ಆತ ಹಳದಿ ಕ್ಯಾನೊಂದನ್ನು ಅಪ್ಪಿಕೊಂಡು ಜೊಂಡಿನ ನಡುವೆ ತೇಲಿಬಂದ; ಬಂದವನೇ ಹೋದ ಬಲೆಯ ನೆನಪಾಗಿ ಗಾಳಿಯನ್ನು ಬಾಯಿಗೆ ಬಂದಂತೆ ಬೈದ. ಹೀಗೆ ನನ್ನ ಲೇಖನಿ ನನ್ನ ತಂದೆಯ ಪ್ರಾಣವನ್ನೇ ಉಳಿಸಿತು. ಅದರ ಹಿಂದೆ ನ್ಯಾಂಜೋಬೆಯವರ ಪ್ರೋತ್ಸಾಹವೂ ಸ್ವಲ್ಪ ಇತ್ತೆಂಬುದನ್ನು ನಾನು ವಿನಯದಿಂದ ಒಪ್ಪುತ್ತೇನೆ. ಅವರಿಗೆ ದೀರ್ಘಾಯುಷ್ಯ ಒದಗಲಿ. ವಿಶ್ರಾಂತಿಯ ದಿನಗಳಲ್ಲೂ ಆ ಎರಡು ಪ್ರಶ್ನೆಗಳಿಂದ ನಮ್ಮನ್ನೆಲ್ಲ ಕಾಡುತ್ತಲೇ ಇರಲಿ.

ಇಲ್ಲಿಗೆ ಲೇಖನ ಮುಗಿಯಬೇಕಿತ್ತು. ಆದರೆ ಅಪ್ಪನಿಗೆ ಓದು ಬಾರದು. ತನ್ನ ವಿಷಯ ಏನು ಬರೆದಿದ್ದೇನೆಂದು ಕೇಳುವ ಚಪಲ ಮಾತ್ರ ಬಹಳ. ನಿನ್ನೆ ಆತನಿಗೆ ಇದನ್ನೆಲ್ಲ ಓದಿ ಹೇಳಿದೆ. ನೀರಾನೆಗಳ ಮಾತಿಗೆ ತಲೆದೂಗಿದ ಮುದುಕ ಬುಸೆಂಗೆಯ ಭಾಗ ಬಂದಾಗ ಕೈಯೆತ್ತಿದ.

“ಲೋ, ಎರಡನೇ ಸಲ ಅಲ್ಲಿಗೆ ಹೋದವನು ನೀನಾ?”

“ಹೂಂ ಅಪ್ಪಾ.”

“ಆವತ್ತು ನೀನು ನಮ್ಮನೇಲಿ ಮುಖ ಊದಿಸ್ಕೊಂಡು ಬಿದ್ಕೊಂಡಿದ್ದೆಯಲ್ಲೋ! ‘ಆ ಹೆಂಗಸಿಗೆ ನನ್ನ ಬರಹದ ಬೆಲೆ ಗೊತ್ತಿಲ್ಲ’ ಅಂತ. ನಿಮ್ಮವ್ವ ಉಗಾಲಿ ಮುದ್ದೆಯ ತಟ್ಟೆ ಹಿಡ್ಕೊಂಡು ಗೋಗರೀತಿದ್ಲು.”

ಇನ್ನು ಮುಚ್ಚಿಟ್ಟು ಫಲವಿಲ್ಲ. ನಾನು ಹೋಗಲಿಲ್ಲ. ಮಂಡಿನೋವಿನ ಕಾಲನ್ನು ಎಳೆದುಕೊಂಡು, ಮೀನಿನ ದೋಣಿಯಲ್ಲಿ ಕುಳಿತು ಹೋದವರು ನ್ಯಾಂಜೋಬೆಯವರು. ಎಂಬುಕೆಯ ಪಕ್ಕದಲ್ಲಿ ಸೊಂಟದುದ್ದ ನೀರಲ್ಲಿ ನಿಂತು ಕ್ಯಾನುಗಳನ್ನು ಅದುಮಿ ನೋಡಿದವರು ಅವರು. ಶಿಗೆಲಾನ ಹೆಸರು ಕೇಳಿ ತಂದವರು ಅವರು. ವರದಿಯೂ ಅವರದೇ, ಅದರ ಮೇಲಿದ್ದ ಹೆಸರೂ ಅವರದೇ. ಅಲ್ಲಿ ನನ್ನ ಹೆಸರಿಲ್ಲವೆಂಬ ಕೊರಗನ್ನು ಇಷ್ಟು ವರ್ಷ ಸಾಕಿಕೊಂಡು ಬಂದು, ಅವರ ಅಭಿನಂದನ ಗ್ರಂಥದಲ್ಲೇ ಅದನ್ನು ತೀರಿಸಿಕೊಳ್ಳಲು ಹೊರಟಿದ್ದೆ.

“ಹೋಗ್ಲಿ ಬಿಡಪ್ಪಾ,” ಎಂದೆ. “ನನ್ನ ಹೆಸರಿದ್ದಿದ್ರೆ ನಿನಗೂ ಹೆಮ್ಮೆ ಆಗ್ತಿರ್ಲಿಲ್ವಾ?”

ಅಪ್ಪ ತುಂಬ ಹೊತ್ತು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ನನ್ನ ಬೆನ್ನ ಮೇಲೆ ಕೈಯಿಟ್ಟ.

“ಹೆಮ್ಮೆ ಪಡ್ತಿದ್ದೆ ಮಗಾ. ಕ್ಯಾನು ಕಟ್ತಿರ್ಲಿಲ್ಲ.”