ಮದುವೆಗೆ ಹೋಗಿ ಬಂದ ಸೇರು

ನಮ್ಮತ್ತೆ ವಿಶಾಲಾಕ್ಷಮ್ಮನವರಿಗೆ ಒಮ್ಮೆ ಕೊಟ್ಟದ್ದನ್ನು ಮರೆತುಬಿಡುವ ಅಭ್ಯಾಸವೇ ಇಲ್ಲ. ಪಕ್ಕದ ಮನೆಗೆ ಕೊಟ್ಟ ಕರಿಬೇವಿನ ಸಸಿಯನ್ನೂ ಆಗಾಗ ಹೋಗಿ ವಿಚಾರಿಸಿಕೊಂಡು ಬರುತ್ತಾರೆ. ಹಾಸನದ ಕಡೆಯಿಂದ ಕುಶಾಲನಗರದ ಪಕ್ಕದ ನಮ್ಮ ಊರಿಗೆ ಸೊಸೆಯಾಗಿ ಬಂದವರು. ಹಸುವನ್ನೂ ಮಕ್ಕಳನ್ನೂ ಬೈದುಕೊಂಡೇ ಚೆನ್ನಾಗಿ ಸಾಕಿದವರು. ಅಂಥವರು ಮನೆಯ ಹಿತ್ತಾಳೆ ಸೇರನ್ನು ಮಡಿಕೇರಿಯ ಪುಟ್ಟ ಮ್ಯೂಸಿಯಂಗೆ ಕೊಟ್ಟಾಗ ನಾನೇ ಬೆರಗಾದೆ. ಅಲ್ಲಿ ಹಳೇ ಸಾಮಾನುಗಳ ಪ್ರದರ್ಶನ ಮಾಡಿದ್ದವರು ಗೋಪಿನಾಥ ಮೇಷ್ಟ್ರು. ಅವರು ಕೇಳಿದರೆ ಇಲ್ಲವೆನ್ನುವುದು ಯಾರಿಗೂ ಕಷ್ಟ.

ಅತ್ತೆ ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ಅಕ್ಕಿ ತುಂಬಿಟ್ಟಿದ್ದ ಅದೇ ಸೇರನ್ನು ಒದ್ದು ಒಳಗೆ ಬಂದದ್ದು. ನಾನೂ ಅದನ್ನೇ ಒದ್ದವಳು. ಗಾಬರಿಯಲ್ಲಿ ಜೋರಾಗಿ ಒದ್ದದ್ದಕ್ಕೆ ಅಕ್ಕಿ ದೇವರಮನೆಯವರೆಗೂ ಚೆಲ್ಲಿತ್ತು. ಅತ್ತೆ ಅದರ ಬಗ್ಗೆ ಇಷ್ಟು ವರ್ಷ ಒಂದು ಮಾತೂ ಆಡಿರಲಿಲ್ಲ, ಅದಕ್ಕೇ ನನಗೆ ಒಳಗೊಳಗೇ ಅಳುಕಿತ್ತು.

ಪ್ರದರ್ಶನ ಶುರುವಾದಾಗ ಅತ್ತೆ ಮಹಿಳಾ ಸಂಘದವರನ್ನೆಲ್ಲ ಬಸ್ಸು ಹತ್ತಿಸಿಕೊಂಡು ಹೋದರು. ‘ನಮ್ಮನೆ ಸೇರು’ ಎಂದು ದಾರಿಯುದ್ದಕ್ಕೂ ಬೀಗಿದ್ದೇ ಬೀಗಿದ್ದು. ಹೋಗಿ ನೋಡಿದರೆ ಗಾಜಿನ ಪೆಟ್ಟಿಗೆಯೊಳಗೆ ಸೇರು ಬೋರಲು ಬಿದ್ದಿತ್ತು. ನಮ್ಮ ಮನೆಗಳಲ್ಲಿ ಸೇರನ್ನು ಪೂರ್ತಿ ಬರಿದು ಮಾಡುವುದಿಲ್ಲ, ಒಂದು ಹಿಡಿ ಕಾಳಾದರೂ ಉಳಿಸುತ್ತೇವೆ. ಬೋರಲು ಹಾಕುವುದಂತೂ ಅಪಶಕುನ. ತಳದಲ್ಲಿರುವ ಸರ್ಕಾರಿ ಮುದ್ರೆ ಜನರಿಗೆ ಕಾಣಲೆಂದು ಹಾಗಿಟ್ಟೆನೆಂದು ಮೇಷ್ಟ್ರು ವಿವರಿಸಿದರು. ಅತ್ತೆಯ ಕಣ್ಣು ತುಂಬಿತ್ತು.

“ಮೇಷ್ಟ್ರೇ, ನೆಟ್ಟಗಿಡಿ, ಒಳಗೆ ರಾಗಿ ಹಾಕಿ. ಇಲ್ಲಾಂದ್ರೆ ಈಗ್ಲೇ ಸೆರಗಲ್ಲಿ ಸುತ್ಕೊಂಡು ಹೋಗ್ತೀನಿ.”

ಕಾಳು ಹಾಕಿದರೆ ಹುಳ ಬೀಳುತ್ತದೆಂದು ಮೇಷ್ಟ್ರು ತಲೆ ಕೆರೆದುಕೊಂಡರು. ಹುಳ ಬೀಳುವ ಮುಂಚೆ ತಾನೇ ಬಂದು ಬದಲಾಯಿಸುವುದಾಗಿ ಅತ್ತೆ ಹೇಳಿದರು. ಕೊನೆಗೆ ಸೇರು ಗಾಜಿನ ಹಲಗೆಯ ಮೇಲೆ ನೆಟ್ಟಗೆ ಕೂತಿತು, ಮುದ್ರೆ ಕಾಣಲು ಅಡಿಯಲ್ಲಿ ಕನ್ನಡಿ ಬಂತು. ಅಂದಿನಿಂದ ಅತ್ತೆ ತಿಂಗಳಿಗೊಮ್ಮೆ ರಾಗಿ ಕಟ್ಟಿಕೊಂಡು ಮಡಿಕೇರಿಗೆ ಹೊರಡುತ್ತಾರೆ. ಹೋದವರು ಉಳಿದ ಸಾಮಾನುಗಳನ್ನೂ ನೆಂಟರನ್ನು ಕಂಡಂತೆ ಮಾತಾಡಿಸಿಕೊಂಡು ಬರುತ್ತಾರೆ.

ಈ ವರ್ಷ ನನ್ನ ಮೈದುನ ದೀಪಕ್‌ಗೆ ಮದುವೆ ಗೊತ್ತಾಯಿತು. ಹೊಸ ಸೊಸೆ ಅನುಶ್ರೀ ಅಂಗಡಿಯ ಸ್ಟೀಲ್ ಸೇರು ಒದೆಯುವುದೇ? ಅತ್ತೆಗೆ ಊಟ ಸೇರಲಿಲ್ಲ. ಕೊಟ್ಟದ್ದನ್ನು ವಾಪಸ್ ಕೇಳಲು ನಾಚಿಕೆ ಬೇರೆ. ಕಡೆಗೆ ನಾನೇ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ನಕ್ಕು, ಸೇರನ್ನು ತಾವೇ ತಂದುಕೊಟ್ಟು, ಮದುವೆ ಊಟ ಮಾಡಿಕೊಂಡು ಹೋದರು.

ವಾಪಸ್ ಕೊಡಲು ಅತ್ತೆಯೊಂದಿಗೆ ನಾನೂ ಹೋದೆ. ಖಾಲಿ ಪೆಟ್ಟಿಗೆಯಲ್ಲಿ ಮೇಷ್ಟ್ರು ಒಂದು ಚೀಟಿ ಇಟ್ಟಿದ್ದರು: ‘ಸೇರು ಮದುವೆಗೆ ಹೋಗಿದೆ. ಬರುತ್ತದೆ.’ ಅದರ ಮುಂದೆ ಮಾದಾಪುರದಿಂದ ಬಂದಿದ್ದ ಇಬ್ಬರು ಹೆಂಗಸರು ನಗುತ್ತ ನಿಂತಿದ್ದರು. ಅತ್ತೆಯ ಕೈಯಲ್ಲಿ ಸೇರು ಕಂಡದ್ದೇ ತಡ, ಗುರುತಿಲ್ಲದಿದ್ದರೂ ಬಾಯ್ತುಂಬ ವಿಚಾರಿಸಿದರು: ಮದುವೆ ಚೆನ್ನಾಗಾಯಿತಾ, ಹುಡುಗಿ ಸರಿಯಾಗಿ ಒದ್ದಳಾ?

“ಅವ್ಳು ಮೆತ್ತಗೆ ಒದ್ಲು, ಓದಿದ ಹುಡುಗಿ,” ಎಂದ ಅತ್ತೆ ನನ್ನ ಕಡೆ ಗದ್ದ ಎತ್ತಿ ತೋರಿಸಿದರು. “ಇವ್ಳು ಒದ್ದಾಗ ಅಕ್ಕಿ ದೇವರಮನೆವರೆಗೂ ಹೋಗಿತ್ತು. ಆವತ್ತಿಂದ ನಮ್ಮನೇಲಿ ಒಂದಿನಾನೂ ಅಕ್ಕಿಗೆ ಕೊರತೆ ಆಗಿಲ್ಲ.”