ಕಾಕಾನ ಮರೆವು, ಕಾಕೂನ ಒಡಪು

ನಮ್ಮ ವಸಂತ ಕಾಕಾ ಕಳೆದ ತಿಂಗಳು ಸ್ಕೂಟರ್ ಮೇಲೆ ಭಾಜಿ-ತರಕಾರಿ ತರಲು ಹೋಗಿ ಆಟೋದಲ್ಲಿ ವಾಪಸು ಬಂದರು.

ಭಾಜಿ ಬಂದಿತ್ತು. ಸ್ಕೂಟರ್ ಬಂದಿರಲಿಲ್ಲ. ಲಿಫ್ಟ್ ಹತ್ತಿ ಮೇಲೆ ಬಂದು, ಚಹಾ ಕುಡಿದು, ಪೇಪರ್ ಓದಿ, ಜೇಬಿಗೆ ಕೈ ಹಾಕಿದಾಗ ಕೀಲಿ ಸಿಕ್ಕಿತಂತೆ. ಅದನ್ನು ಕಣ್ಣಿನ ಹತ್ತಿರ ಹಿಡಿದು, ಇದು ಯಾರದು ಎಂದು ಹೆಂಡತಿಯನ್ನೇ ಕೇಳಿದರಂತೆ.

ಈ ಕಥೆ ಹೇಳಿದ್ದು ಕಾಕೂ, ಅಂದರೆ ಆ ಹೆಂಡತಿ. ಫೋನಿನಲ್ಲಿ. (ಅವರು ಇರುವುದು ಪುಣೆಯ ವಾಕಡದ ನಮ್ಮ ಸೊಸೈಟಿಯಲ್ಲೇ, ಎದುರಿನ ಬಿಲ್ಡಿಂಗಿನಲ್ಲಿ. ಬಾಲ್ಕನಿಯಿಂದ ಕೂಗಿದರೂ ಕೇಳುತ್ತದೆ. ಆದರೆ ಫೋನಿನಲ್ಲಿ ಹೇಳಿದರೆ ಕಥೆಗೆ ಮರ್ಯಾದೆ ಜಾಸ್ತಿ.) ಮರುದಿನ ಮತ್ತೆ ಫೋನ್ ಮಾಡಿ ಅದೇ ಕಥೆಯನ್ನು ಮೊದಲಿನಿಂದ ಹೇಳಿದರು. ನಾನು ಎರಡನೇ ಸಲವೂ ಅಷ್ಟೇ ನಕ್ಕೆ. ಕಾಕೂ ಹೇಳಿದರೆ ಹಳೆಯ ಕಥೆಯೂ ಹೊಸದೇ.

ಕಾಕಾ ನನ್ನ ಅಪ್ಪನ ತಮ್ಮ. ವಿಜಯಪುರದ ಕಡೆಯವರು. ಬಾರಾಮತಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದು ರಿಟೈರ್ ಆದವರು. ಅವರ ಮರೆವು ನಮ್ಮ ಮನೆತನದ ಮನರಂಜನೆ. ಛತ್ರಿ ಮರೆಯುತ್ತಾರೆ. ಕನ್ನಡಕ ಮರೆಯುತ್ತಾರೆ. ನನ್ನ ಮದುವೆಗೆ ಬಂದು ಉಡುಗೊರೆಯನ್ನು ವಾಪಸು ಊರಿಗೇ ಒಯ್ದಿದ್ದರು. ಅವರಿಗೆ ಇವನ್ನೆಲ್ಲ ನೆನಪಿಟ್ಟುಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ ಅನ್ನಿ. ಆ ಖಾತೆ ಪೂರ್ತಿ ಕಾಕೂಗೆ ಸೇರಿದ್ದು. ಯಾರ ಹುಟ್ಟುಹಬ್ಬ, ಯಾರಿಗೆ ಶುಗರ್, ಯಾವ ಬೀಗರಿಗೆ ಯಾವ ಸೀರೆ ಕೊಟ್ಟದ್ದು, ಎಲ್ಲವೂ ಅವರ ತಲೆಯಲ್ಲಿ.

ಆದರೆ ಛತ್ರಿ ಬೇರೆ, ಸ್ಕೂಟರ್ ಬೇರೆ ಅಲ್ಲವೇ? ನನಗೆ ಹೆದರಿಕೆಯಾಯಿತು. ಅದೇ ವಾರ ಮೊಬೈಲಿನಲ್ಲಿ ಡಿಮೆನ್ಷಿಯಾ ಬಗ್ಗೆ ಒಂದು ಲೇಖನ ಓದಿದ್ದೆ. (ಐವತ್ತು ದಾಟಿದವರ ಮೊಬೈಲಿಗೆ ಇಂಥವೇ ಬರುತ್ತವೆ. ಅದಕ್ಕೆ ನಮ್ಮ ವಯಸ್ಸು ಹೇಗೋ ಗೊತ್ತಾಗಿಬಿಟ್ಟಿರುತ್ತದೆ.) ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಎಂದು ಅದರಲ್ಲಿ ಬರೆದಿತ್ತು. ನಾನು ಓದಿದೆ, ತಲೆಯಾಡಿಸಿದೆ, ಕಾಕಾನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು ಎಂದು ತೀರ್ಮಾನಿಸಿದೆ.

ನನ್ನ ಜಾಣತನ ನೋಡಿ.

ಕಾಕಾ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಹಲ್ಲು ನೋವಿಗೆ ಕೂಡ ಲವಂಗ ಕಚ್ಚಿಕೊಂಡೇ ಕಾಲ ಹಾಕಿದ ಮನುಷ್ಯ ಅವರು. ಆಶ್ಚರ್ಯವೆಂದರೆ ಹೇಳಿದ ಕೂಡಲೇ ಹೂಂ ಅಂದರು. ಒಂದೇ ಷರತ್ತು, ಕಾಕೂ ಜೊತೆಗೆ ಬರಬೇಕು. ಕಾಕೂಗೆ ಇದನ್ನು ಹೇಳಬೇಕಾಗಿಯೇ ಇರಲಿಲ್ಲ. ಇವರು ಒಳಗೆ ಹೋಗಿ ಏನು ಹೇಳಬೇಕು ಅನ್ನುವುದನ್ನೇ ಮರೆಯುತ್ತಾರೆ, ನಾನು ಬರದಿದ್ದರೆ ಹೇಗೆ ಎಂದು ಆಗಲೇ ಸೀರೆ ತೆಗೆದಿಟ್ಟಿದ್ದರು.

ಹೋದೆವು. ಹಿಂಜವಾಡಿ ಕಡೆಯ ಟ್ರಾಫಿಕ್ಕಿನಲ್ಲಿ ಕಂಪನಿ ಬಸ್ಸುಗಳ ನಡುವೆ ನಿಂತಲ್ಲೇ ನಿಂತಾಗ, ಕಾಕೂ ಸ್ಕೂಟರಿನ ಕಥೆ ಹೇಳಿದರು. ಕ್ಯಾಬ್ ಡ್ರೈವರನಿಗೆ, ಮರಾಠಿಯಲ್ಲಿ. ಮರಾಠಿಯಲ್ಲಿಯೂ ಅದು ಚೆನ್ನಾಗಿಯೇ ಇತ್ತು. ಡ್ರೈವರ್ ಹಿಂದೆ ತಿರುಗಿ ಕಾಕಾನನ್ನು ನೋಡಿ ನಕ್ಕ. ಕಾಕಾ ಕಿಟಕಿಯ ಹೊರಗೆ ನೋಡುತ್ತಿದ್ದರು.

ಡಾಕ್ಟರ್ ಸೋಲಾಪುರದ ಹುಡುಗಿ. ಅರ್ಧ ಕನ್ನಡ, ಒಂದೂವರೆ ಮರಾಠಿ. ಇವತ್ತು ಯಾವ ವಾರ ಎಂದು ಕಾಕಾನನ್ನು ಕೇಳಿದರು. ಕಾಕಾ ಬಾಯಿ ತೆರೆಯುವ ಮೊದಲೇ ಕಾಕೂ ಹೇಳಿದರು, ಅವರಿಗೆ ವಾರ ಕಟ್ಟಿಕೊಂಡು ಏನಾಗಬೇಕು, ಎಲ್ಲವೂ ಭಾನುವಾರವೇ ಅಲ್ಲವೇ ಎಂದು. ಬೆಳಿಗ್ಗೆ ಏನು ತಿಂದಿರಿ? ಕಾಕೂ ಹೇಳಿದರು, ಹಾಕಿದ್ದನ್ನು ತಿಂದರು, ಅದರಲ್ಲೇನಿದೆ ಎಂದು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಆಜಿ, ನೀವು ಸ್ವಲ್ಪ ಹೊರಗೆ ಕೂತಿರಿ ಎಂದು ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು.

ಹೊರಗೆ ಬೆಂಚಿನ ಮೇಲೆ ಕೂತು ಕಾಕೂ ಪಕ್ಕದ ಹೆಂಗಸಿನ ಸೊಸೆಯ ಹೆರಿಗೆಯ ತನಕ ವಿಚಾರಿಸಿಕೊಂಡರು. ನಾನು ಕಾಕಾನ ಬಗ್ಗೆ ಚಿಂತೆ ಮಾಡುತ್ತಿದ್ದೆ. ಏನೇ ಆದರೂ ಕಾಕೂ ಗಟ್ಟಿಯಾಗಿದ್ದಾರೆ, ಸಂಭಾಳಿಸುತ್ತಾರೆ ಎಂದು ಸಮಾಧಾನವನ್ನೂ ಮಾಡಿಕೊಳ್ಳುತ್ತಿದ್ದೆ.

ತುಸು ಹೊತ್ತಿಗೆ ಬಾಗಿಲು ತೆರೆಯಿತು. ಡಾಕ್ಟರ್ ನಗುತ್ತಲೇ ಅಂದರು, ಆಜೋಬಾಂದು (ಅಂದರೆ ಅಜ್ಜನದು) ಆಯಿತು, ಈಗ ಆಜಿ ಒಳಗೆ ಬರಲಿ, ಮನೆಯವರನ್ನೂ ಸ್ವಲ್ಪ ಕೇಳಬೇಕು.

ನಾನೂ ಹಿಂದೆಯೇ ಹೋದೆ. ಕಾಕೂ ಸೆರಗು ಸರಿ ಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಡಾಕ್ಟರ್ ಮೂರು ಪದ ಹೇಳಿದರು. ನಿಂಬೆಹಣ್ಣು, ಕೀಲಿ, ದೋಣಿ. ಇವನ್ನು ನೆನಪಿಡಿ, ಆಮೇಲೆ ಕೇಳುತ್ತೇನೆ ಅಂದರು. ಕಾಕೂ ಮೂರನ್ನೂ ಥಟ್ಟನೆ ತಿರುಗಿ ಹೇಳಿದರು. ಆಮೇಲೆ ಊರು, ತವರು, ಓದು. ಎಲ್ಲಕ್ಕೂ ಉತ್ತರ, ಉತ್ತರಕ್ಕೊಂದು ಒಗ್ಗರಣೆ. ಯಜಮಾನರ ಹೆಸರೇನು ಎಂದು ಡಾಕ್ಟರ್ ಕೇಳಿದಾಗ ಮಾತ್ರ ಕಾಕೂ ಸುಮ್ಮನಾದರು. ಡಾಕ್ಟರ್ ಪೆನ್ನು ಎತ್ತಿಕೊಂಡರು.

ಅಯ್ಯೋ, ಅದು ಮರೆವಲ್ಲ, ಅದು ಪದ್ಧತಿ ಎಂದು ನಾನು ನಡುವೆ ಬಾಯಿ ಹಾಕಿದೆ. ನಮ್ಮ ಕಡೆ ಹಳೆಯ ಕಾಲದ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಒಡಪು ಕಟ್ಟಿ, ಪ್ರಾಸದ ಎರಡು ಸಾಲಿನ ನಡುವೆ ಆ ಹೆಸರನ್ನು ಕೂರಿಸಿ ಹೇಳುತ್ತಾರೆ. ಮರಾಠಿಯವರ ಉಖಾಣಾ ಇದ್ದ ಹಾಗೆ. ಈ ವಿದ್ಯೆಯಲ್ಲಿ ಕಾಕೂನನ್ನು ಮೀರಿಸುವವರು ವಾಕಡದಲ್ಲೇ ಇಲ್ಲ. ಅರಿಶಿನ ಕುಂಕುಮಕ್ಕೆ ಅವರು ಬಂದರೆಂದರೆ ಹೆಂಗಸರು ಸುತ್ತ ಸೇರುತ್ತಾರೆ.

ಕಾಕೂ ನನ್ನನ್ನು ಕೈಯಲ್ಲೇ ಸುಮ್ಮನಿರಿಸಿದರು. ಬಲಗೈ ಸ್ವಲ್ಪ ಎತ್ತಿ, ಕಣ್ಣು ಮುಚ್ಚಿ ತೆರೆದು ಹೇಳಿದರು:

“ಪ್ಯಾಟಿಯಿಂದ ತಂದೀನ್ರಿ ಹಸಿರು ಕೊತ್ತಂಬರಿ,
ವಸಂತರಾಯರು ಛತ್ರಿ ಮರೀತಾರ, ನಾ ಮರಿಯಂಗಿಲ್ರಿ.”

ಹೇಳಿ, ನಗೆಗಾಗಿ ಒಂದು ಕ್ಷಣ ಕಾದರು. ಡಾಕ್ಟರ್ ನಕ್ಕರು. ನಾನು ನಕ್ಕೆ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಕಾಕಾ ಕೂಡ ನಕ್ಕರು. ನೋಡಿ ಹೇಗಿದೆ ತಲೆ ಎಂದು ನಾನು ಡಾಕ್ಟರ್ ಕಡೆ ಹೆಮ್ಮೆಯಿಂದ ನೋಡಿದೆ.

ಆಮೇಲೆ ಗಡಿಯಾರದ ಚಿತ್ರ ಬರೆಸಿದರು. ಇನ್ನೇನೋ ಕೇಳಿದರು. ಕೊನೆಗೆ ಕೇಳಿದರು, ಆಜಿ, ಆಗ ಮೂರು ಪದ ಹೇಳಿದ್ದೆನಲ್ಲ, ಯಾವುವು?

“ಯಾವ ಪದ?” ಅಂದರು ಕಾಕೂ. “ನೀವು ಎಲ್ಲಿ ಹೇಳಿದ್ರಿ?”

ಒಂದು ಹಣ್ಣಿನ ಹೆಸರಿತ್ತು ಎಂದು ಡಾಕ್ಟರ್ ನೆನಪು ಮಾಡಿಕೊಟ್ಟರು. ಕಾಕೂ ನನ್ನ ಕಡೆ ನೋಡಿದರು. ಆಮೇಲೆ ಕಾಕಾನ ಕಡೆ. ಆಮೇಲೆ ಮುಖದಲ್ಲಿ ಮತ್ತೆ ಅದೇ ನಗು ಬಂತು.

“ಅದೆಲ್ಲಾ ಬಿಡ್ರಿ ಡಾಕ್ಟರ. ನಮ್ಮನಿಯವರ ಹೆಸರು ಕೇಳ್ರಿ, ಹೇಳ್ತೀನಿ.” ಬಲಗೈ ಎತ್ತಿದರು. ಕಣ್ಣು ಮುಚ್ಚಿ ತೆರೆದರು. ಪ್ಯಾಟಿ, ಕೊತ್ತಂಬರಿ, ಛತ್ರಿ, ನಾ ಮರಿಯಂಗಿಲ್ರಿ. ಅದೇ ರಾಗ, ಅದೇ ಕೈ. ಮೊದಲ ಸಲ ಹೇಳುತ್ತಿರುವವರ ಹಾಗೆ ನಗೆಗಾಗಿ ಕಾದರು.

ಡಾಕ್ಟರ್ ಮೊದಲಿನಷ್ಟೇ ನಕ್ಕರು. ದೇವರು ಆ ಹುಡುಗಿಯನ್ನು ಚೆನ್ನಾಗಿಟ್ಟಿರಲಿ. ನನಗೆ ನಗಲು ಆಗಲಿಲ್ಲ.

ಕಾಕೂನನ್ನು ರಕ್ತಪರೀಕ್ಷೆಗೆ ಕಳಿಸಿ ಡಾಕ್ಟರ್ ನಮಗೆ ತಿಳಿಸಿ ಹೇಳಿದರು. ಕಾಕಾನ ನೆನಪು ವಯಸ್ಸಿಗೆ ತಕ್ಕ ಹಾಗಿದೆ, ಲಕ್ಷ್ಯ ಮಾತ್ರ ಕಮ್ಮಿ. (ಅದಕ್ಕೆ ಔಷಧಿ ಇಲ್ಲ.) ಕಾಕೂದು ಹಾಗಲ್ಲ, ಇನ್ನೂ ನೋಡಬೇಕು. ಥೈರಾಯ್ಡ್, ಬಿ-ಟ್ವೆಲ್ವ್, ಕಿವಿ, ಮನಸ್ಸಿನ ಬೇಸರ, ಇವುಗಳಿಂದಲೂ ಮರೆವು ಬರುವುದುಂಟು, ಅಂಥವನ್ನು ಸರಿ ಮಾಡಬಹುದು. ಸ್ಕ್ಯಾನ್ ಆಗಲಿ. ಅಲ್ಲಿಯವರೆಗೆ ಕಾಯಿಲೆಗೆ ಹೆಸರಿಡುವುದು ಬೇಡ, ಆದರೆ ಬೇಗ ಬಂದದ್ದು ಒಳ್ಳೆಯದಾಯಿತು ಅಂದರು.

ಇಷ್ಟು ಮಾತಾಡುವವರಿಗೆ ಇದು ಹೇಗೆ ಸಾಧ್ಯ ಎಂದು ಕೇಳಿದೆ.

“ಮಾತಾಡ್ತಾರಲ್ಲ, ಅದಕ್ಕ ಸಿಕ್ಕಿಬಿದ್ದಿಲ್ಲ,” ಅಂದರು ಡಾಕ್ಟರ್.

ಪದಗಳನ್ನು ನೆನಪಿಡುವ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಹೆಂಗಸರು ಗಂಡಸರಿಗಿಂತ ಮುಂದಂತೆ. ಹಾಗಾಗಿ ಮಿದುಳು ಒಳಗೊಳಗೆ ಸವೆಯುತ್ತಿದ್ದರೂ ಮಾತಿನ ಬಲದಲ್ಲಿ ಬಹಳ ಕಾಲ ಪಾಸಾಗುತ್ತಲೇ ಇರುತ್ತಾರೆ. ಗೊತ್ತಾಗುವ ಹೊತ್ತಿಗೆ ಕಾಯಿಲೆ ಎಷ್ಟೋ ದೂರ ಬಂದಿರುತ್ತದೆ. ಹೆಂಗಸರಲ್ಲಿ ಇದು ಹೆಚ್ಚು ಕಾಣುವುದಕ್ಕೆ ಒಂದು ಕಾರಣ ನಾವು ಹೆಚ್ಚು ಕಾಲ ಬದುಕುವುದು. ಅದೊಂದೇ ಅಲ್ಲ. ಮುಟ್ಟು ನಿಲ್ಲುವಾಗಿನ ಹಾರ್ಮೋನ್ ಬದಲಾವಣೆಯ ಕೈವಾಡವೂ ಇರಬಹುದು, ಆ ಕಾಲದ ಹುಡುಗಿಯರನ್ನು ಶಾಲೆ ಬಿಡಿಸಿದ್ದೂ ಸೇರಿರಬಹುದು. ಪೂರ್ತಿ ಯಾರಿಗೂ ಗೊತ್ತಿಲ್ಲ. ಹಾಗಂತ ಗಂಡಸರು ಕಾಲು ಚಾಚಿ ಕೂರುವಂತಿಲ್ಲ. ಬಿ.ಪಿ., ಸಿಗರೇಟು, ಗುಂಡು, ಹೆಲ್ಮೆಟ್ ಇಲ್ಲದ ತಲೆ, ಇವು ಅವರ ನೆನಪನ್ನೂ ತಿನ್ನುತ್ತವೆ. (ಹೆಲ್ಮೆಟ್ ಹಾಕಿ ಅಂದವರ ಮೇಲೆ ನಮ್ಮ ಪುಣೆಯ ಜನ ಜಗಳಕ್ಕೇ ಬರುತ್ತಾರೆ. ಆದ್ದರಿಂದ ಮುಂದಕ್ಕೆ ಹೋಗುತ್ತೇನೆ.)

ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಸಂಕ್ರಾಂತಿಗೆ ಅರಿಶಿನ ಕುಂಕುಮದ ಉಡುಗೊರೆ ಎಂದು ಕಾಕೂ ನನಗೊಂದು ಸ್ಟೀಲ್ ಡಬ್ಬಿ ಕೊಟ್ಟಿದ್ದರು. ಸಂಜೆ ಮತ್ತೆ ಕರೆದು ಅಂಥದ್ದೇ ಇನ್ನೊಂದು ಕೊಟ್ಟರು. ನಾನು ಪ್ರೀತಿ ಎಂದುಕೊಂಡು ಎರಡನ್ನೂ ತಂದು ಒಂದರಲ್ಲಿ ಬೇಳೆ, ಒಂದರಲ್ಲಿ ಅವಲಕ್ಕಿ ತುಂಬಿದೆ. ಅವರ ಶೇಂಗಾ ಚಟ್ನಿಯಲ್ಲಿ ಉಪ್ಪಿರಲಿಲ್ಲ. ಬಿ.ಪಿ.ಗೆ ಒಳ್ಳೆಯದೆಂದು ಕಮ್ಮಿ ಮಾಡಿದ್ದಾರೆ ಅಂದುಕೊಂಡೆ. ನೋಡಿ, ಗಂಡಸಿನ ಮರೆವೆಂದರೆ ಸ್ಕೂಟರ್. ಊರಿಗೆಲ್ಲ ಕಾಣುತ್ತದೆ. ಹೆಂಗಸಿನ ಮರೆವೆಂದರೆ ಉಪ್ಪು. ಅದನ್ನು ನಾವು ಡಾಕ್ಟರಿಗೆ ಹೇಳುವುದಿಲ್ಲ. ಅವಳಿಗೇ ಹೇಳುತ್ತೇವೆ, ಲಕ್ಷ್ಯ ಎಲ್ಲಿದೆ ನಿನಗೆ ಎಂದು.

ಕ್ಯಾಂಟೀನಿನಲ್ಲಿ ಚಹಾ ತಂದುಕೊಂಡು ಕೂತಾಗ ಕಾಕಾ ಬಾಯಿ ಬಿಟ್ಟರು. ಮಳೆಗಾಲದ ಮೊದಲು ಒಂದು ದಿನ ಕಾಕೂ ಕೆಳಗೆ ಹೋದವರು ವಾಪಸು ಬರುವಾಗ ಬೇರೆ ಬಿಲ್ಡಿಂಗ್ ಹತ್ತಿ, ಬೇರೆಯವರ ಬಾಗಿಲಿಗೆ ತಮ್ಮ ಕೀಲಿ ಹಾಕಿ ತಿರುಗಿಸುತ್ತಿದ್ದರಂತೆ. ಒಳಗಿನವರು ಬಾಗಿಲು ತೆರೆದರೆ ಕಾಕೂ ಒಂದಿಷ್ಟೂ ಅಳುಕದೆ, ನಿಮ್ಮನ್ನು ಮಾತಾಡಿಸಲೆಂದೇ ಬಂದೆ ಎಂದು ಒಳಗೆ ಹೋಗಿ, ಚಹಾ ಕುಡಿದು ಬಂದರಂತೆ. ಆ ಮನೆಯವರಿಗೆ ಸಂತೋಷವೇ ಆಯಿತು. ಕೀಲಿಯ ವಿಷಯವನ್ನು ತಮಾಷೆ ಎಂದು ಆಮೇಲೆ ಕಾಕಾಗೆ ಹೇಳಿದರಂತೆ. ಕಾಕಾಗೆ ಅವತ್ತು ಊಟ ಸೇರಲಿಲ್ಲ.

ನಮಗೆ ಯಾಕೆ ಹೇಳಲಿಲ್ಲ ಎಂದೆ. ಹೇಳಿದ್ದರೆ ನಗುತ್ತಿದ್ದಿರಿ, ಈ ಮನೆಯಲ್ಲಿ ಮರೆಯುವ ಕೆಲಸ ನನ್ನದಲ್ಲವೇ ಅಂದರು. ನಿಜ. ನಗುತ್ತಿದ್ದೆವು. ಅವರು ತಮ್ಮ ಸರದಿಯಲ್ಲಿ, ನಾವಿಬ್ಬರೂ ಹೊರಗಿದ್ದಾಗ, ಡಾಕ್ಟರ್ ಮುಂದೆ ಎಲ್ಲವನ್ನೂ ಹೇಳಿ ಕಾಕೂನನ್ನು ಒಳಗೆ ಕರೆಸಿದ್ದರು.

“ಆಕಿ ತನಗಂತ ಎಂದಾರ ದವಾಖಾನಿ ಮೆಟ್ಟಲಾ ಹತ್ತ್ಯಾಳೇನು ಸುಧಾ?” ಅಂದರು ಕಾಕಾ, ನನ್ನ ಹೆಸರು ಹಿಡಿದು. “ನನಗ ಅಂದ್ರ ಓಡಿ ಬರ್ತಾಳ. ಅದಕ್ಕ ನಾನಽ ಪೇಷಂಟ್ ಆದೆ.”

ನನ್ನ ಕಣ್ಣು ತುಂಬಿತು. ಹಾಗಾದರೆ ಆ ಸ್ಕೂಟರ್ ಕೂಡ ನಾಟಕವೇ ಎಂದು ಕೇಳಿದೆ.

ಕಾಕಾ ಚಹಾದ ಕಪ್ಪಿನೊಳಗೆ ನೋಡಿದರು. “ಇಲ್ಲವ್ವ. ಸ್ಕೂಟರ್ ಖರೇನ ಮರತಿದ್ದೆ.”

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಕಾಕೂ ತೋಳಿಗೆ ಹತ್ತಿ ಒತ್ತಿಕೊಂಡು ಬಂದು, ಏನದು ನಗು, ನನಗೂ ಹೇಳಿ ಎಂದು ಕೂತರು. ಕಾಕಾ ಹೇಳಲಿಲ್ಲ. ಸ್ಕೂಟರಿನ ಕಥೆ ಹೇಳು ಅಂದರು. ಕಾಕೂ ಹೇಳಿದರು. ಕಾಕಾ ತಮ್ಮದೇ ಫಜೀತಿಯನ್ನು ಮೊದಲ ಸಲ ಕೇಳುವವರ ಹಾಗೆ ಕೇಳಿದರು, ಸರಿಯಾದ ಜಾಗದಲ್ಲಿ ನಕ್ಕರು.

ಹೊರಡುವಾಗ ನೋಡಿದೆ. ಕಾಕಾನ ಒಂದು ಕೈಯಲ್ಲಿ ಕಾಕೂನ ಪರ್ಸು, ಕಂಕುಳಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಕಾಕೂನ ಕೈ. ಯಾವುದನ್ನೂ ಬಿಟ್ಟಿರಲಿಲ್ಲ. ತನ್ನ ಕನ್ನಡಕವನ್ನು ಡಾಕ್ಟರ್ ಟೇಬಲ್ ಮೇಲೆ ಬಿಟ್ಟು ಬಂದವಳು ನಾನು. ಅರ್ಧ ದಾರಿಗೆ ನೆನಪಾಯಿತು. ಮನೆಯಲ್ಲಿ ಹೇಳಿದಾಗ ಗಂಡ ನಕ್ಕು, ವಯಸ್ಸಾಯಿತು ನಿನಗೆ ಅಂದ. ನಾನು ನಗಲಿಲ್ಲ. ನನಗೂ ಆ ಡಾಕ್ಟರ್ ಹತ್ತಿರ ಒಂದು ದಿನ ಗೊತ್ತು ಮಾಡು, ನಾನೂ ತೋರಿಸಿಕೊಂಡು ಬರಬೇಕು ಅಂದೆ. ಯಾರಿಗೆ ಏನಾಗಿದೆ ಎಂದು ಅವನು ಗಾಬರಿಯಿಂದ ಕೇಳಿದ. ನನಗೇ ಎಂದು ಎರಡು ಸಲ ಹೇಳಬೇಕಾಯಿತು.

ನಿಮ್ಮ ಮನೆಯಲ್ಲೂ ಒಬ್ಬಳು ಇದ್ದಾಳಲ್ಲ, ಎಲ್ಲರ ಕೀಲಿ, ಮಾತ್ರೆ, ಹುಟ್ಟುಹಬ್ಬ ನೆನಪಿಟ್ಟುಕೊಂಡು ಎಲ್ಲರ ಜೊತೆಗೂ ದವಾಖಾನೆಗೆ ಹೋಗುವವಳು. ಅವಳು ಪೇಷಂಟ್ ಕುರ್ಚಿಯಲ್ಲಿ ಕೂತದ್ದು ಕೊನೆಯ ಸಲ ಯಾವಾಗ, ನಿಮಗೆ ನೆನಪಿದೆಯೇ?